ಜೂನ್‌ಗೆ ಮುನ್ನ: ಧಾರಾಪುರಂನ ಕನ್ನಡದ ಮನೆ, ಆಟಿಸಂ ಇರುವ ಮಗು ಮತ್ತು ಶಾಲೆಯ ಸಿದ್ಧತೆ

ತಮಿಳುನಾಡಿನಲ್ಲಿ ಐದು ತುಂಬಿದ ಮಗುವನ್ನು ಒಂದನೇ ತರಗತಿಗೆ ಸೇರಿಸುತ್ತಾರೆ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಆಟಿಸಂ ಇರುವ ಮಗುವಿನ ಮನೆಯಲ್ಲಿ ಆ ಜೂನ್‌ನ ಚಿಂತೆ ಒಂದೆರಡು ವರ್ಷ ಮುಂಚೆಯೇ ಹೊಕ್ಕಿರುತ್ತದೆ. ಮಾತು ಇನ್ನೂ ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಇಂಥ ಮಗುವನ್ನು ಶಾಲೆಗೆ ಬಿಡುವುದು ಹೇಗೆ? ನೆಂಟರು, ವೈದ್ಯರು, ಹೆಡ್‌ಮಾಸ್ಟರು ಬೇರೆ ಬೇರೆ ಮಾತಿನಲ್ಲಿ ಕೊಡುವ ಉತ್ತರದ ತಿರುಳು ಬಹುಮಟ್ಟಿಗೆ ಒಂದೇ: ಮೊದಲು ಮಗು ಸರಿಹೋಗಲಿ, ಆಮೇಲೆ ಶಾಲೆ ನೋಡೋಣ. ಕೇಳುವುದಕ್ಕೆ ವಿವೇಕದ ಮಾತೇ. ಆದರೆ ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ಈ ಸಲಹೆ ಎರಡು ಕಡೆ ಎಡವುತ್ತದೆ. ಸಿದ್ಧತೆಯೆಂದರೆ ಮಗುವಿನೊಳಗೆ ಮಾತ್ರ ಆಗಬೇಕಾದ ಬದಲಾವಣೆ ಎಂದು ಅದು ನಂಬುತ್ತದೆ. ಆ ಬದಲಾವಣೆ ಶಾಲೆಯಿಂದ ದೂರ, ತಜ್ಞರ ಕೋಣೆಯಲ್ಲಿ ಆಗುತ್ತದೆ ಎಂದೂ ನಂಬುತ್ತದೆ. ಪುರಾವೆಗಳು ತೋರಿಸುವ ದಾರಿ ಬೇರೆ. ಮಗು ದಿನವೂ ಬಾಳುವ ಜಾಗದಲ್ಲಿ, ಮನೆಯ ಮಾತಿನಲ್ಲಿ, ಮುಂದೆಯೂ ಜೊತೆಗಿರುವ ಜನರ ಕೈಯಲ್ಲಿ ನಡೆದ ಸಿದ್ಧತೆಯೇ ಉಳಿಯುವಂಥದ್ದು. ಅದರಲ್ಲಿ ಅರ್ಧ ಪಾಲು ಶಾಲೆಯದು.

ಈ ಪ್ರಶ್ನೆಯನ್ನು ಧಾರಾಪುರಂನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಅಮರಾವತಿ ನದಿಯ ಸೀಮೆಯ ಈ ತಾಲ್ಲೂಕು 2009ರಲ್ಲಿ ತಿರುಪ್ಪೂರ್ ಜಿಲ್ಲೆ ರಚನೆಯಾದಾಗ ಈರೋಡ್ ಜಿಲ್ಲೆಯಿಂದ ಇತ್ತ ಸೇರಿತು. ಜಿಲ್ಲಾ ಕೇಂದ್ರ ಸುಮಾರು 50 ಕಿಲೋಮೀಟರ್ ದೂರ. ಮಕ್ಕಳ ಬೆಳವಣಿಗೆಯ ತಜ್ಞರು, ಸ್ಪೀಚ್ ಥೆರಪಿಸ್ಟರು ಹೆಚ್ಚಾಗಿರುವ ಕೊಯಮತ್ತೂರು ಸುಮಾರು 80 ಕಿಲೋಮೀಟರ್. ಕೊಂಗು ನಾಡಿನ ಈ ಭಾಗದಲ್ಲಿ ದೇವಾಂಗ, ಒಕ್ಕಲಿಗ, ಅನುಪ್ಪ ಮೊದಲಾದ ಸಮುದಾಯಗಳ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಉಳಿದುಬಂದಿದೆ, ಬಹುತೇಕ ಬರಹದ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ. ಅಂಥ ಮನೆಯ ಮಗು ಅಜ್ಜಿಯ ಜೊತೆ ಕನ್ನಡ ಕೇಳುತ್ತದೆ, ಬೀದಿಯಲ್ಲೂ ಅಂಗನವಾಡಿಯಲ್ಲೂ ತಮಿಳು, ಖಾಸಗಿ ಶಾಲೆಯ ಎಲ್‌ಕೆಜಿಗೆ ಹೋದರೆ ಇಂಗ್ಲಿಷ್. ಬೆಂಗಳೂರಿನಂಥ ಊರನ್ನು ಮನಸ್ಸಿನಲ್ಲಿಟ್ಟು ಬರೆದ ಸಲಹೆಗಳು ಇಲ್ಲಿಗೆ ಬರುವಾಗ ದೂರ, ದುಡ್ಡು, ಭಾಷೆ ಎಂಬ ಮೂರು ಕಡೆ ತಡವರಿಸುತ್ತವೆ. ಇಲ್ಲಿ ನಿಲ್ಲುವ ಉತ್ತರ ಬೇರೆ ತಾಲ್ಲೂಕುಗಳಲ್ಲೂ ನಿಲ್ಲಬಲ್ಲದು.

ಮೊದಲು ಗಾತ್ರದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳ ಪ್ರಕಾರ ಆಟಿಸಂ, ಅಂದರೆ ಸ್ವಲೀನತೆ, ನೂರು ಮಂದಿಗೆ ಒಬ್ಬರ ಆಸುಪಾಸಿನಲ್ಲಿದೆ. ಹಾಗಿದ್ದರೆ ಧಾರಾಪುರಂನಂಥ ತಾಲ್ಲೂಕಿನಲ್ಲಿ ಪ್ರತಿ ವರ್ಷವೂ ಕೆಲವಾದರೂ ಮಕ್ಕಳು ಶಾಲೆಯ ಹೊಸ್ತಿಲಿಗೆ ಬರುತ್ತಿರಲೇಬೇಕು. ಇವರನ್ನು ಗುರುತಿಸುವ ವ್ಯವಸ್ಥೆ ಕಾಗದದ ಮೇಲೆ ದುರ್ಬಲವೇನಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ತಪಾಸಣೆ ಮಾಡುತ್ತವೆ; ಬೆಳವಣಿಗೆಯ ವಿಳಂಬ ಅವು ನೋಡಬೇಕಾದ ನಾಲ್ಕು ವರ್ಗಗಳಲ್ಲಿ ಒಂದು; ಅನುಮಾನ ಬಂದ ಮಗುವನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತವೆ. 2023ರ ನವೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗವೈಕಲ್ಯವಿರುವ ಮಕ್ಕಳಿಗೆಂದೇ ಅಂಗನವಾಡಿ ಕೈಪಿಡಿ ಹೊರಡಿಸಿತು: ಗುರುತಿಸುವುದು, ಒಳಗೊಳ್ಳುವುದು, ಮುಂದಕ್ಕೆ ಕಳುಹಿಸುವುದು ಎಂಬ ಮೂರು ಹಂತ. ಈ ಮೂರರಲ್ಲಿ ಸುಲಭವಾಗಿ ಲೆಕ್ಕಕ್ಕೆ ಸಿಗುವುದು ಮೊದಲನೆಯದೂ ಕೊನೆಯದೂ; ಫಾರಂ ತುಂಬಿ ಚೀಟಿ ಬರೆದರೆ ಮುಗಿಯಿತು. ನಡುವಿನ ‘ಒಳಗೊಳ್ಳುವುದು’ ದಿನದಿನದ ಕೆಲಸ, ಯಾವ ವರದಿಯ ಅಂಕಣದಲ್ಲೂ ಕೂರದ ಕೆಲಸ. ಈ ಲೇಖನದ ಕಾಳಜಿ ಅದೇ ನಡುವಿನ ಹಂತ.

‘ಮೊದಲು ಸರಿಹೋಗಲಿ’ ಎಂಬ ಯೋಚನೆಗೆ ವಿಜ್ಞಾನದ ಬೆಂಬಲ ಒಂದು ಕಾಲದಲ್ಲಿ ಸಿಕ್ಕಿದ್ದು ನಿಜ. 1987ರಲ್ಲಿ ಅಮೆರಿಕದ ಈವಾರ್ ಲೊವಾಸ್ ತಾವು ವಾರಕ್ಕೆ 40 ಗಂಟೆ ತರಬೇತಿ ಕೊಟ್ಟ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಇತರರಂತೆ ಕಲಿಯುವ ಮಟ್ಟಕ್ಕೆ ಬಂದರೆಂದು ಪ್ರಕಟಿಸಿದರು. ಆ ಅಧ್ಯಯನದಲ್ಲಿ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ. ಅಂಥ ಫಲಿತಾಂಶ ಆಮೇಲಿನ ಅಧ್ಯಯನಗಳಲ್ಲಿ ಒಂದೇ ತೆರನಾಗಿ ಮರುಕಳಿಸಲೂ ಇಲ್ಲ. ಆದರೂ ‘ವಾರಕ್ಕೆ 40 ಗಂಟೆ’ ಎಂಬ ಅಂಕಿ ಜಗತ್ತಿನಾದ್ಯಂತ ತಾಯ್ತಂದೆಯರ ತಲೆಯಲ್ಲಿ ಕೂತುಬಿಟ್ಟಿತು, ಕಡಿಮೆ ಕೊಡಿಸಿದವರು ಮಗುವಿಗೆ ಮೋಸ ಮಾಡಿದರೇನೋ ಎಂಬಷ್ಟು. ಸ್ಯಾಂಡ್‌ಬ್ಯಾಂಕ್ ಮತ್ತು ಸಂಗಡಿಗರು 2020ರಲ್ಲಿ ಪುಟ್ಟ ಮಕ್ಕಳ ಮೇಲಿನ 150 ಅಧ್ಯಯನ ವರದಿಗಳನ್ನು ಕೂಡಿಸಿ ನೋಡಿದಾಗ, ಅಧ್ಯಯನದ ಗುಣಮಟ್ಟ ಹೆಚ್ಚಿದಂತೆ ಪರಿಣಾಮದ ಗಾತ್ರ ತಗ್ಗಿತು. ಅವರೇ 2024ರಲ್ಲಿ ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ 144 ಅಧ್ಯಯನಗಳನ್ನು ಪರಿಶೀಲಿಸಿ, ಗಂಟೆಗಳು ಹೆಚ್ಚಿದಷ್ಟೂ ಫಲ ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲವೆಂದು ಕಂಡುಕೊಂಡಿತು. ಜೊತೆಗೆ ಈ ಕ್ಷೇತ್ರದವರೆಲ್ಲ ಒಪ್ಪುವ ಸಂಗತಿಯೊಂದಿದೆ: ಆಟಿಸಂ ಇರುವ ಮಗು ಒಂದು ಕೋಣೆಯಲ್ಲಿ ಒಬ್ಬರ ಜೊತೆ ಕಲಿತದ್ದನ್ನು ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರ ಜೊತೆ ಹಲವು ವೇಳೆ ತಾನಾಗಿ ಬಳಸುವುದಿಲ್ಲ. ಕೊಯಮತ್ತೂರಿನ ಕ್ಲಿನಿಕ್ಕಿನಲ್ಲಿ ಬಣ್ಣ ಗುರುತಿಸಿದ ಮಗು ಧಾರಾಪುರಂ ಶಾಲೆಯಲ್ಲಿ ಸುಮ್ಮನೆ ನಿಂತರೆ ಆಶ್ಚರ್ಯವಿಲ್ಲ. ಎಲ್ಲಿ ಬಳಸಬೇಕೋ ಅಲ್ಲೇ ಕಲಿಸಬೇಕು ಎಂಬ ತೀರ್ಮಾನ ಇದರಿಂದಲೇ ಹುಟ್ಟುತ್ತದೆ.

ಕನ್ನಡ ನಾಡಿನಲ್ಲೇ ಈ ದಿಕ್ಕಿನ ಮುಖ್ಯ ಪ್ರಯೋಗವೊಂದು ನಡೆದಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತ 2000ದಲ್ಲಿ ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಕಾರ್ಯಕ್ರಮ ಆರಂಭಿಸಿದರು. ಆರು ವರ್ಷದೊಳಗಿನ ಮಕ್ಕಳ ಸಣ್ಣ ಗುಂಪು, ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ, ಒಂದು ಶೈಕ್ಷಣಿಕ ವರ್ಷ. ಮಾತಿನ ತಜ್ಞರು, ಆಕ್ಯುಪೇಷನಲ್ ಥೆರಪಿಸ್ಟರು, ಶಿಕ್ಷಕರು ಒಂದೇ ಸೂರಿನಡಿ. ಗುರಿ ಸಾಮಾನ್ಯ ಶಾಲೆ. ಬಿಡಿಬಿಡಿಯಾಗಿ ಅರ್ಧ ಗಂಟೆ ಸ್ಪೀಚ್, ಅರ್ಧ ಗಂಟೆ ಓಟಿ ಎಂದು ಊರೆಲ್ಲ ಅಲೆಯುವ ಬದಲು ಮಗುವಿಗೆ ಶಾಲೆಯ ದಿನದ ಆಕಾರವನ್ನೇ ಕೊಟ್ಟದ್ದು ಇದರ ಹೆಚ್ಚುಗಾರಿಕೆ. ಇನ್ನೂ ಮುಖ್ಯವಾದದ್ದು ಅವರು ಹಿಡಿದ ಅಳತೆಗೋಲು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಮುಗಿಸಿದ ಮಕ್ಕಳು ಸಾಮಾನ್ಯ ಶಾಲೆಗೆ ಸೇರಿದರೇ ಎಂಬುದರ ಜೊತೆಗೆ, ವರ್ಷಗಳ ಮೇಲೂ ಅಲ್ಲೇ ಉಳಿದರೇ ಎಂದೂ ಕೇಳಿದರು. ಬುದ್ಧಿಮಾಪನದ ಅಂಕಕ್ಕಿಂತ ಈ ಪ್ರಶ್ನೆ ಮನೆಯವರಿಗೆ ಹತ್ತಿರದ್ದು. ಅದೇ ಹೊತ್ತಿಗೆ ಈ ಮಾದರಿಯ ಮಿತಿಯೂ ಸ್ಪಷ್ಟ: ಮೂರು ಬಗೆಯ ತಜ್ಞರು ಒಟ್ಟಿಗೆ ಸಿಗುವುದು ನಗರದಲ್ಲಿ. ಧಾರಾಪುರಂಗೆ ಅಲ್ಲಿಂದ ತರಬಹುದಾದದ್ದು ಕಟ್ಟಡವನ್ನಲ್ಲ, ದಿನದ ಆಕಾರವನ್ನೂ ಅಳತೆಗೋಲನ್ನೂ.

ತಜ್ಞರಿಲ್ಲದ ಊರಿಗೆ ಗೋವಾದ ಕಡೆಯಿಂದ ಉತ್ತರ ಬಂತು. ಗೋವಾದ ಸಂಗಾತ್ ಸಂಸ್ಥೆ, ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಹಾಗೂ ಬ್ರಿಟನ್ನಿನ ಸಂಶೋಧಕರು ಕೂಡಿ ನಡೆಸಿದ ‘ಪಾಸ್’ ಪ್ರಯೋಗದ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 65 ಮಕ್ಕಳ ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮಾರ್ಗದರ್ಶನ ನೀಡಿದರು. ತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ತಾಯಿಯೂ ಕಾರ್ಯಕರ್ತರೂ ಕೂತು ನೋಡಿ, ಮಗು ಕೊಟ್ಟ ಸಣ್ಣ ಸುಳಿವಿಗೆ ತಾಯಿ ಎಲ್ಲಿ ಸ್ಪಂದಿಸಿದಳು, ಎಲ್ಲಿ ತಪ್ಪಿತು ಎಂದು ತಿಳಿಯುವುದು ಅದರ ರೀತಿ. ತಾಯಿಯ ಸ್ಪಂದನೆ ಹೆಚ್ಚಿತು. ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಆದರೆ ತಾಯಿ, ಮಗು ಇಬ್ಬರೂ ಒಂದೇ ವಸ್ತುವಿನತ್ತ ಒಟ್ಟಿಗೆ ಗಮನವಿಡುವ ಅವಧಿ ಹೆಚ್ಚಲಿಲ್ಲ, ತಗ್ಗಿತು. ಎಲ್ಲ ಅಳತೆಯಲ್ಲೂ ಗೆದ್ದ ಪ್ರಯೋಗವಲ್ಲ ಇದು, ಗಾತ್ರವೂ ಚಿಕ್ಕದು. ಆದರೂ ಇದರ ಮೂಲವಾದ ಬ್ರಿಟನ್ನಿನ ‘ಪ್ಯಾಕ್ಟ್’ ಪ್ರಯೋಗದ ಮಕ್ಕಳನ್ನು ಸುಮಾರು ಆರು ವರ್ಷಗಳ ನಂತರ ನೋಡಿದಾಗ ಲಾಭ ಉಳಿದುಕೊಂಡಿದ್ದದ್ದು ಗಮನಾರ್ಹ. ದುಬಾರಿ ಯಂತ್ರವಿಲ್ಲದೆ, ಪದವೀಧರ ತಜ್ಞರಿಲ್ಲದೆ, ಮನೆಯಲ್ಲೇ ಮಾಡಬಹುದಾದ ಕೆಲಸವೊಂದು ಇದೆ ಎಂಬುದು ಇಷ್ಟರಿಂದ ಸಿದ್ಧವಾಗುತ್ತದೆ.

ಹಾಗಾದರೆ ಆ ಕೆಲಸ ಯಾವ ಭಾಷೆಯಲ್ಲಿ? ಧಾರಾಪುರಂನ ಕನ್ನಡದ ಮನೆಗೆ ಇದೇ ಎಲ್ಲಕ್ಕಿಂತ ತೀಕ್ಷ್ಣವಾದ ಪ್ರಶ್ನೆ. ಮಾತು ತಡವಾದ ಮಗುವಿನ ಮನೆಗೆ ಸಿಗುವ ಸಾಮಾನ್ಯ ಸಲಹೆ, ಭಾಷೆಗಳನ್ನು ಕಡಿಮೆ ಮಾಡಿ, ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡಿ ಎಂಬುದು. ಇದಕ್ಕೆ ಆಧಾರ ಸಿಗುವುದಿಲ್ಲ. ಕೆನಡಾದ ಹ್ಯಾಂಬ್ಲಿ ಮತ್ತು ಫೊಂಬೋನ್ 2012ರಲ್ಲಿ 75 ಮಕ್ಕಳನ್ನು ಹೋಲಿಸಿದಾಗ, ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದೆ ಬಿದ್ದಿರಲಿಲ್ಲ; ಆ ಬಳಿಕ ಬಂದ ವಿಮರ್ಶೆಗಳೂ ಅದನ್ನೇ ಹೇಳುತ್ತವೆ. ಸಲಹೆಯ ಹಾನಿ ಮಾತ್ರ ನಿಜವಾದದ್ದು. ಪಾಸ್ ಪ್ರಯೋಗ ನಿಂತಿರುವುದೇ ಮಗುವಿನ ಸುಳಿವಿಗೆ ದೊಡ್ಡವರು ಥಟ್ಟನೆ, ಸಹಜವಾಗಿ ಕೊಡುವ ಮರುಮಾತಿನ ಮೇಲೆ. ಅರೆಬರೆ ಇಂಗ್ಲಿಷಿನಲ್ಲಿ ತಡವರಿಸಿ ಮಾತಾಡುವ ಅಮ್ಮನಿಂದ ಅದು ಸಾಧ್ಯವಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಮಗುವಿನ ಜೊತೆಗಿರುವ ಅಜ್ಜಿ ತನ್ನ ಕನ್ನಡ ಬಿಟ್ಟರೆ ಮೌನಿಯಾಗುತ್ತಾಳೆ. ಇನ್ನು ತಪಾಸಣೆ ತಮಿಳಿನಲ್ಲೇ ನಡೆದರೆ ಕನ್ನಡದಲ್ಲಿ ಅರ್ಥವಾಗುವ ಮಾತು ಲೆಕ್ಕಕ್ಕೆ ಬಾರದೆ ಮಗುವಿನ ಮಟ್ಟ ಇದ್ದದ್ದಕ್ಕಿಂತ ಕೆಳಗೆ ಕಾಣಬಹುದು; ಮೈಸೂರು ಕಡೆಯ ಕನ್ನಡದ ಪರೀಕ್ಷೆ ತಂದರೂ ಕೊಂಗು ನಾಡಿನ ಮನೆಗನ್ನಡಕ್ಕೆ ಅದು ಪೂರ್ತಿ ಹೊಂದದು. ಮನೆಯಲ್ಲಿ ಕನ್ನಡ ಮುಂದುವರಿಯಲಿ. ನೀರು, ಸಾಕು, ಬೇಡ, ಒಂದಕ್ಕೆ, ನೋವು ಎಂಬಂಥ ಹತ್ತಿಪ್ಪತ್ತು ಅಗತ್ಯದ ಮಾತುಗಳನ್ನು ಶಾಲೆಯ ತಮಿಳಿನಲ್ಲೂ ಪರಿಚಯಿಸಲಿ. ಮಗು ಕನ್ನಡದಲ್ಲಿ ಹೇಗೆ ಕೇಳುತ್ತದೆ ಎಂಬ ಚಿಕ್ಕ ಪಟ್ಟಿ ಟೀಚರ ಕೈಯಲ್ಲಿರಲಿ. 2006ರ ತಮಿಳು ಕಲಿಕೆ ಕಾಯ್ದೆಯಿಂದಾಗಿ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯ. ಅದಕ್ಕೂ ಮನೆಯ ಕನ್ನಡಕ್ಕೂ ವಿರೋಧವಿಲ್ಲ.

ಇಷ್ಟಾದ ಮೇಲೆ ಏನನ್ನು ಸಿದ್ಧಪಡಿಸಬೇಕು ಎಂಬ ಪ್ರಶ್ನೆ. ಮನೆಯವರ ಗಮನ ಸಹಜವಾಗಿ ಅಕ್ಷರ, ಅಂಕಿಗಳ ಮೇಲಿರುತ್ತದೆ. ಆಟಿಸಂ ಇರುವ ಕೆಲವು ಮಕ್ಕಳು ಮೂರನೇ ವಯಸ್ಸಿಗೇ ಬೋರ್ಡುಗಳನ್ನು ಓದುವುದೂ ಉಂಟು. ಆದರೆ ಶಾಲೆಗೆ ಕಾಲಿಡುವ ಹಂತದ ಕುರಿತು 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ವಿಮರ್ಶೆ, ಈ ಮಕ್ಕಳಿಗೆ ಹೆಚ್ಚು ತೊಡಕಾಗುವುದು ಭಾವನೆ ಮತ್ತು ವರ್ತನೆಯನ್ನು ಹಿಡಿತದಲ್ಲಿಡುವುದು, ಅದರಿಂದ ಕೆಡುವುದು ಟೀಚರ ಜೊತೆಗಿನ ಬಾಂಧವ್ಯ ಎಂದು ತೋರಿಸಿತು. ಆದ್ದರಿಂದ ಸಿದ್ಧತೆಯ ಪಟ್ಟಿ ಅಕ್ಷರಮಾಲೆಯಿಂದಲ್ಲ, ಶಾಲೆಯ ದಿನದಿಂದ ಶುರುವಾಗಬೇಕು. ತಮಿಳುನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಯ ದಿನ ಹೀಗಿರುತ್ತದೆ: ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ 2022ರಲ್ಲಿ ಬಂದು 2023ರಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹಬ್ಬಿದ ಮೇಲೆ ದಿನ ತೆರೆಯುವುದೇ ಉಪ್ಪಿಟ್ಟು, ಖಿಚಡಿ, ಪೊಂಗಲ್‌ನೊಂದಿಗೆ, ಆಮೇಲೆ ಸಾಲು, ಪ್ರಾರ್ಥನೆ, ಗಂಟೆ, ಅಂಕಿ-ಅಕ್ಷರ ಕಲಿಸುವ ‘ಎಣ್ಣುಂ ಎಳುತ್ತುಂ’ ಯೋಜನೆಯ ಹಾಡು, ಚಟುವಟಿಕೆ, ಗುಂಪು, ಮಧ್ಯಾಹ್ನ ಊಟ, ನಡುವೆ ಶೌಚಾಲಯ. ಇವುಗಳಲ್ಲಿ ಪ್ರತಿಯೊಂದೂ ಆಟಿಸಂ ಇರುವ ಮಗುವಿಗೆ ಬೇರೆ ಬೇರೆ ಬಗೆಯಲ್ಲಿ ಭಾರ. ಒಂದೇ ಬಣ್ಣದ ಅನ್ನ ಮಾತ್ರ ಉಣ್ಣುವ ಮಗುವಿಗೆ ಬೇರೆ ತಿಂಡಿಯ ವಾಸನೆಯೇ ಕಷ್ಟ. ಮೈಕಿನ ಸದ್ದು ಕಿವಿ ಮುಚ್ಚಿಸುತ್ತದೆ. ಹಾಡಿ ಕುಣಿಯುವ ಕಲಿಕೆ ಉಳಿದವರಿಗೆ ಸಂತೋಷವಾದರೆ ಇದಕ್ಕೆ ಗದ್ದಲವಾಗಬಹುದು.

ಈ ಭಾರಗಳನ್ನು ಇಳಿಸುವ ಸಾಧನಗಳು ಹೊಸವಲ್ಲ. ಎರಿಕ್ ಶಾಪ್ಲರ್ 1972ರಿಂದ ನಾರ್ತ್ ಕ್ಯಾರೊಲಿನಾ ರಾಜ್ಯದಾದ್ಯಂತ ಬೆಳೆಸಿದ ‘ಟೀಚ್’ ಪದ್ಧತಿಯ ಮುಖ್ಯ ತಿಳಿವಳಿಕೆ, ಕಿವಿಯಿಂದ ಹೋದದ್ದಕ್ಕಿಂತ ಕಣ್ಣಿಗೆ ಕಂಡದ್ದು ಈ ಮಕ್ಕಳಲ್ಲಿ ಉಳಿಯುತ್ತದೆ ಎಂಬುದು. ಶಾಲೆಯ ಗೇಟು, ತಿಂಡಿ ತಟ್ಟೆ, ಸಾಲು, ತರಗತಿ, ಶೌಚಾಲಯ, ಮನೆ ಎಂದು ಅದೇ ಶಾಲೆಯ ಮೊಬೈಲ್ ಫೋಟೋಗಳನ್ನು ಕ್ರಮವಾಗಿ ಅಂಟಿಸಿದ ರಟ್ಟು ಇದಕ್ಕೆ ಸಾಕು. ದಿನ ಎಲ್ಲಿಗೆ ಮುಗಿಯುತ್ತದೆ ಎಂದು ಮಗುವಿಗೆ ತಿಳಿದರೆ ಅರ್ಧ ಅಳು ನಿಲ್ಲುತ್ತದೆ. ಮಾತಿಲ್ಲದ ಮಗುವಿಗೆ ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ಬರುವುದೇ ನಿಂತುಹೋಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಮಿಲ್ಲರ್, ಲೈಟ್, ಶ್ಲಾಸರ್ ಅವರ 2006ರ ವಿಮರ್ಶೆಯಲ್ಲಿ, ಗಟ್ಟಿ ಪುರಾವೆಯಿದ್ದ ಯಾವ ಪ್ರಕರಣದಲ್ಲೂ ಚಿತ್ರ ಅಥವಾ ಸಂಜ್ಞೆ ಬಳಸಿದ್ದರಿಂದ ಮಾತು ಕಡಿಮೆಯಾಗಲಿಲ್ಲ, ಬಹುತೇಕರಲ್ಲಿ ಹೆಚ್ಚಿತು. ಚೆನ್ನೈಯಲ್ಲೇ ರೂಪುಗೊಂಡ ‘ಆವಾಜ್’ ಆ್ಯಪ್ ಇದೇ ತತ್ವದ್ದು. ‘ಸಾಕು’ ಎಂದು ತೋರಿಸಬಲ್ಲ ಮಗುವಿಗೆ ಕಚ್ಚುವ, ಕಿರುಚುವ ಅಗತ್ಯ ಕಡಿಮೆ. ಶಾಲೆಗೆ ಅವಶ್ಯವಾದ ಮೊದಲ ವಿದ್ಯೆ ಇದು.

ಈಗ ಶಾಲೆಯ ಪಾಲು. ಮಗುವಿನ ಕಡೆಯ ಎಲ್ಲ ಸಿದ್ಧತೆಯೂ ಆ ರಟ್ಟನ್ನು ಪುಟ್ಟ ಬ್ಯಾಗಿನಲ್ಲೇ ಬಿಡುವ ತರಗತಿಯಲ್ಲಿ ವ್ಯರ್ಥ. ಕಾನೂನಿನಲ್ಲಿ ಅಸ್ಪಷ್ಟತೆಯಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು ಎನ್ನುತ್ತದೆ, ಖಾಸಗಿ ನರ್ಸರಿ ಶಾಲೆಯೂ ಮಾನ್ಯತೆ ಪಡೆದಿದ್ದರೆ ಹೊರಗಲ್ಲ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದಿತು. ವಾಸ್ತವದಲ್ಲಿ ಸಮಗ್ರ ಶಿಕ್ಷಾ ಯೋಜನೆಯ ವಿಶೇಷ ಶಿಕ್ಷಕರು ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ಹಲವು ಶಾಲೆಗಳನ್ನು ಸುತ್ತುತ್ತಾರೆ. ಹಾಗಾಗಿ ಅವರ ಸಮಯವನ್ನು ಎಲ್ಲಿ ಖರ್ಚು ಮಾಡಬೇಕೆಂಬುದೇ ನಿರ್ಣಾಯಕ. ಅವರು ಮಗುವನ್ನು ಮೂಲೆಗೆ ಕರೆದು ಒಂದು ಗಂಟೆ ಪಾಠ ಹೇಳಿದರೆ ಹಳೆಯ ಕ್ಲಿನಿಕ್ ತರಗತಿಯೊಳಗೆ ಬಂದಂತಾಯಿತು. ತರಗತಿಯ ಟೀಚರಿಗೇ ಕೂರಿಸುವ ಜಾಗ, ಬಿಡುವಿನ ಹೊತ್ತು, ಗಂಟೆಗೆ ಮುನ್ನ ಕೊಡುವ ಸೂಚನೆ ಇವನ್ನು ಹೇಳಿಕೊಟ್ಟರೆ ಅವರು ಹೋದ ಮೇಲೂ ಕೆಲಸ ನಿಲ್ಲುವುದಿಲ್ಲ.

ಇಲ್ಲಿ ಗಂಭೀರ ಆಕ್ಷೇಪಗಳಿವೆ. ನಲವತ್ತು ಮಕ್ಕಳ ನಡುವೆ ಒಬ್ಬ ಟೀಚರು ಇದನ್ನೆಲ್ಲ ಹೇಗೆ ಮಾಡಲಿ, ಉಳಿದ ಮಕ್ಕಳ ಕಲಿಕೆ ಹಾಳಾಗದೇ ಎಂಬುದು ಮೊದಲನೆಯದು. ಕಷ್ಟ ನಿಜ, ಹಾನಿಯ ಭಯ ಮಾತ್ರ ಪುರಾವೆಗೆ ನಿಲ್ಲದು. ಶುಮ್ಸ್ಕಿ ಮತ್ತು ಸಂಗಡಿಗರು 2017ರಲ್ಲಿ 47 ಅಧ್ಯಯನಗಳನ್ನು ಕೂಡಿಸಿದಾಗ, ವಿಶೇಷ ಅಗತ್ಯದ ಮಕ್ಕಳಿರುವ ತರಗತಿಗಳಲ್ಲಿ ಉಳಿದವರ ಕಲಿಕೆ ಕುಗ್ಗಿರಲಿಲ್ಲ, ಅತಿ ಸಣ್ಣ ಪ್ರಮಾಣದಲ್ಲಿ ಹೆಚ್ಚೇ ಇತ್ತು. ಅವುಗಳಲ್ಲಿ ಹೆಚ್ಚಿನವು ನೆರವಿರುವ ಶ್ರೀಮಂತ ದೇಶಗಳ ತರಗತಿಗಳು ಎಂಬುದನ್ನು ಮರೆಯಬಾರದು. ನೆರವಿಲ್ಲದೆ ಮಗುವನ್ನು ಒಳಗೆ ತಳ್ಳುವುದನ್ನು ಅವು ಸಮರ್ಥಿಸುವುದಿಲ್ಲ. ವಿಶೇಷ ಶಾಲೆಯೇ ಮೇಲಲ್ಲವೇ ಎಂಬುದು ಎರಡನೆಯದು. ತೀವ್ರ ಅಗತ್ಯವಿರುವ ಕೆಲವು ಮಕ್ಕಳಿಗೆ ಹೌದು; 2012ರ ಶಿಕ್ಷಣ ಹಕ್ಕು ತಿದ್ದುಪಡಿ ತೀವ್ರ ಹಾಗೂ ಬಹುವಿಧ ಅಂಗವೈಕಲ್ಯದವರಿಗೆ ಮನೆಪಾಠವನ್ನೂ ಒಪ್ಪುತ್ತದೆ. ಆದರೆ ಒಳ್ಳೆಯ ವಿಶೇಷ ಶಾಲೆಗಾಗಿ ದಿನಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಾಡಬೇಕಾದ ಊರಿನಲ್ಲಿ ಅದನ್ನೇ ಮೊದಲ ಆಯ್ಕೆಯೆಂದರೆ, ಮನೆಯಲ್ಲೇ ಇರಲಿ ಎಂದಂತೆ. ಮೂರನೆಯದು ತಾಯಿಯ ಮೇಲಿನ ಹೊರೆ: ಬನಿಯನ್ ಕಂಪನಿಯ ಪಾಳಿಗೆ ಹೋಗುವವಳಿಗೆ ಬಿಡುವೆಲ್ಲಿ? ಈ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಮನೆಯ ಮಧ್ಯಸ್ಥಿಕೆ ಎಂಬುದು ಸರ್ಕಾರದ ಹೊಣೆಯನ್ನು ತಾಯಿಗೆ ದಾಟಿಸುವ ಉಪಾಯವಾಗಬಾರದು. ಸ್ನಾನ, ಊಟ, ನಡಿಗೆಯಂಥ ಹೇಗೂ ನಡೆಯುವ ಕೆಲಸಗಳೊಳಗೇ ಅದು ಸೇರಬೇಕು; ಅಪ್ಪನೂ ಅಜ್ಜಿಯೂ ಕಲಿಯಬೇಕು; ಕಲಿಸುವವರು ಮನೆಗೆ ಬರಬೇಕು. ವಿಶ್ವ ಬ್ಯಾಂಕಿನ ಸಾಲದೊಂದಿಗೆ ತಮಿಳುನಾಡು ಕೈಗೆತ್ತಿಕೊಂಡ ‘ರೈಟ್ಸ್’ ಯೋಜನೆ ಸೇವೆಗಳನ್ನು ಮನೆಯ ಹತ್ತಿರಕ್ಕೆ ಒಯ್ಯುವ ಮಾತಾಡುತ್ತದೆ. ಅದರ ಬೆಲೆ ಗೊತ್ತಾಗುವುದು ಇಂಥ ತಾಲ್ಲೂಕುಗಳಲ್ಲೇ.

ಇನ್ನೊಂದು ವರ್ಷ ಕಾಯೋಣ ಎಂಬ ಕೊನೆಯ ಆಕ್ಷೇಪಕ್ಕೆ ಕಾನೂನಿನ ಬಿರುಕೂ ಇಂಬು ಕೊಡುತ್ತದೆ. ಶಿಕ್ಷಣದ ಹಕ್ಕು 6ರಿಂದ 14ನೇ ವಯಸ್ಸಿನವರಿಗೆ. 2016ರ ಕಾಯ್ದೆಯ ಉಚಿತ ಶಿಕ್ಷಣ 6ರಿಂದ 18ರವರೆಗೆ. ಆರಕ್ಕೆ ಮುಂಚಿನ ಶಿಕ್ಷಣಕ್ಕೆ ಸಂವಿಧಾನದ 45ನೇ ವಿಧಿ ಸರ್ಕಾರ ಪ್ರಯತ್ನಿಸಬೇಕೆಂದಷ್ಟೇ ಹೇಳುತ್ತದೆ. ಸಿದ್ಧತೆಗೆ ಅತ್ಯಗತ್ಯವಾದ ಮೂರರಿಂದ ಐದರ ವಯಸ್ಸು ಹೀಗೆ ಹಕ್ಕಿನ ಹೊರಗೆ ಉಳಿದು ಮಾರುಕಟ್ಟೆಯ ಪಾಲಾಗುತ್ತದೆ. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಶಿಫಾರಸಿಗೆ ಅರ್ಹವಲ್ಲವೆಂದರೂ ಆಸೆ ಮಾರುವವರು ಕಡಿಮೆಯಾಗಿಲ್ಲ. ಕಾಯುವ ವರ್ಷ ಖಾಲಿಯಾಗಿದ್ದರೆ ಮಗು ಒಂದು ವರ್ಷ ದೊಡ್ಡದಾಗುತ್ತದೆ, ಅಷ್ಟೇ. ಅಂಗನವಾಡಿ ಅಲ್ಲೇ ಇದೆ. 2019ರಲ್ಲಿ ತಮಿಳುನಾಡು ಮಾಧ್ಯಮಿಕ ಶಾಲೆಗಳ ಆವರಣದ 2,381 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿದ್ದರಿಂದ ಎಷ್ಟೋ ಕಡೆ ಮುಂದಿನ ಶಾಲೆಯ ಗೇಟೂ ಅದೇ. ವಿಜಯದಶಮಿಯಂದು ಮಕ್ಕಳನ್ನು ಸೇರಿಸುವ ವಾಡಿಕೆ ಈ ಸೀಮೆಯಲ್ಲಿ ಇದ್ದೇ ಇದೆ. ಅಲ್ಲಿಂದ ಜೂನ್‌ವರೆಗೆ ಎಂಟು ತಿಂಗಳು: ಮೊದಲು ದಿನಕ್ಕೆ ಅರ್ಧ ಗಂಟೆ, ಬರಬರುತ್ತ ತಿಂಡಿಯವರೆಗೆ, ಆಮೇಲೆ ಮಧ್ಯಾಹ್ನದವರೆಗೆ, ಬೇಸಿಗೆ ರಜೆಗೆ ಮುನ್ನ ಒಂದನೇ ತರಗತಿಯ ಕೋಣೆಯ ಪರಿಚಯ, ಟೀಚರ ಮುಖದ ಪರಿಚಯ. ಇದಕ್ಕೆ ಹೊಸ ಕಟ್ಟಡ ಬೇಡ. ಅಂಗನವಾಡಿ, ಶಾಲೆ, ಬ್ಲಾಕ್ ಕೇಂದ್ರ ಎಂಬ ಮೂರು ಕಡೆಯ ಜನ ಒಂದೇ ಮಗುವಿಗಾಗಿ ಒಮ್ಮೆ ಒಟ್ಟಿಗೆ ಕೂರಬೇಕು. ಹಾಗೆ ಕೂತವರು ಯಶಸ್ಸನ್ನು ಜೂನ್‌ನ ದಾಖಲಾತಿ ಪುಸ್ತಕದಲ್ಲಿ ಹುಡುಕದೆ ಮುಂದಿನ ವರ್ಷದ, ಅದರ ಮುಂದಿನ ವರ್ಷದ ಹಾಜರಿಯಲ್ಲಿ ಹುಡುಕಲಿ. ಹೆಸರು ಅಲ್ಲಿ ತಪ್ಪಿಹೋಗಿದ್ದರೆ ಮಗುವಿಗೆ ಏನು ಬರುತ್ತಿರಲಿಲ್ಲ ಎಂದು ಕೇಳುವ ಮುನ್ನ, ಶಾಲೆ ಏನನ್ನು ಬದಲಿಸಿಕೊಳ್ಳಲಿಲ್ಲ ಎಂದು ಕೇಳಬೇಕು.